ಸೋಲುವವನಿಗೆ ಮೊದಲೇ ಹೇಳಬೇಕು

ಡೇರೆ ತುಂಬಿದ ಜನವೆಲ್ಲ ಕುಸ್ತಿಯವರ ತೋಳು ತೊಡೆ ನೋಡಿಕೊಂಡು ಕಿರುಚುತ್ತಿದ್ದರೆ ಚೌಡಣ್ಣ ಒಬ್ಬನೇ ರೆಫರಿಯ ಬಾಯಿ ನೋಡಿಕೊಂಡು ಕೂತಿರುತ್ತಿದ್ದ. ಪೊಂಗಲ್ ಮುಗಿದು ಹದಿನೈದು ದಿನಕ್ಕೆಲ್ಲ ಕೊಯಮತ್ತೂರಿನ ಮೈದಾನವೊಂದರಲ್ಲಿ ಫ್ರೀಸ್ಟೈಲ್ ಕುಸ್ತಿಯ ಕಂಪೆನಿ ಬಂದು ಡೇರೆ ಹಾಕುತ್ತಿತ್ತು. ಎಂಬತ್ತರ ದಶಕದ ಮೊದಲರ್ಧದಲ್ಲಿ ಒಂದು ವರ್ಷವನ್ನೂ ನಾವು ತಪ್ಪಿಸಿಕೊಂಡವರಲ್ಲ. ಗ್ಯಾಲರಿಯ ಮೇಲಿನ ಹಲಗೆಯಲ್ಲಿ, ಹಣೆಗೆ ಕೈ ಅಡ್ಡ ಹಿಡಿದು, ಕತ್ತು ಮುಂದೆ ಚಾಚಿ, ದೂರದ ಬಸ್ಸಿನ ಬೋರ್ಡು ಓದುವವನ ಹಾಗೆ ಅವನು ಕೂತಿರುವುದನ್ನು ನೋಡಿದ ಹೊಸಬರು ಇವನಿಗೆ ಕಣ್ಣು ಸರಿಯಿಲ್ಲ ಅಂದುಕೊಳ್ಳುತ್ತಿದ್ದರು.

"ನೀ ಅವ್ರ ಕೈ ನೋಡ್ಬ್ಯಾಡ ತಂಬಿ. ನಡುವರ್ ಬಾಯಿ ನೋಡು," ಎಂದು ನನ್ನ ತೊಡೆಗೆ ತಟ್ಟುತ್ತಿದ್ದ. ತಂಬಿ ಅಂದರೆ ತಮ್ಮ, ನಡುವರ್ ಅಂದರೆ ರೆಫರಿ, ಎರಡೂ ತಮಿಳು. ಹೇಳುವುದಕ್ಕೆ ಅವನು ಸೊಲ್ಲುವುದು, ಕುಸ್ತಿಗೆ ಸಂಡೆ, ನಿಜಕ್ಕೆ ಉಣ್ಮೆ ಅನ್ನುತ್ತಿದ್ದ. ನಮ್ಮ ಮನೆಗಳ ಕನ್ನಡದಲ್ಲಿ ಅರ್ಧಕ್ಕರ್ಧ ಹೀಗೆ ತಮಿಳೇ. ಕುಸ್ತಿಯವರಿಬ್ಬರು ಒಬ್ಬರನ್ನೊಬ್ಬರು ಅಮುಕಿಕೊಂಡು ಬಿದ್ದಿರುವಾಗ ರೆಫರಿ ಬಗ್ಗಿ, ಭುಜ ನೆಲಕ್ಕೆ ತಾಗಿದೆಯೋ ಎಂದು ನೋಡುವವನ ಹಾಗೆ ತಲೆ ತಗ್ಗಿಸುತ್ತಿದ್ದ. ಆಗ ಚೌಡಣ್ಣನ ಉಸಿರು ನಿಲ್ಲುತ್ತಿತ್ತು. "ಸೊಲ್ಲಿಬಿಟ್ಟ ನೋಡು. ಇನ್ನು ಮೂರು ಪಟ್ಟು. ಆಮೇಲೆ ಬೀಳ್ತಾನೆ." ಮೂರನೆಯ ಪಟ್ಟಿಗೆ ಬೀಳುವವನು ಬಿದ್ದೇ ಬೀಳುತ್ತಿದ್ದ. ಡೇರೆಯ ಜನ ಎದ್ದು ಕುಣಿಯುವಾಗ ಚೌಡಣ್ಣ ಎಲೆ ಅಡಿಕೆಗೆ ಸುಣ್ಣ ಹಚ್ಚುತ್ತ ಕೂತಿರುತ್ತಿದ್ದ.

ಅವನೇನು ಕುಸ್ತಿಯವನಲ್ಲ. ಒಣಗಿದ ಕೋಲಿನಂಥ ಮನುಷ್ಯ, ಆರಡಿ ಎತ್ತರ, ಎದೆ ಮಾತ್ರ ಒಳಕ್ಕೆ ಹೋಗಿತ್ತು. ಪೆರಿಯನಾಯಕನಪಾಳ್ಯಂ ದಾಟಿ, ಮೇಟ್ಟುಪಾಳ್ಯಂ ರಸ್ತೆಗೆ ಅಂಟಿಕೊಂಡಂತೆ ನಮ್ಮ ಮಿಲ್ಲು ಇತ್ತು. ಹತ್ತಿಯ ಮೂಟೆ ಒಡೆದು, ಬಡಿದು, ಕಸ ತೆಗೆಯುವ ಬ್ಲೋರೂಮಿನಲ್ಲಿ ಅವನಿಗೆ ಇಪ್ಪತ್ತೆರಡು ವರ್ಷದ ಸರ್ವೀಸು. ಹುಬ್ಬಿನ ಮೇಲೆ, ಕಿವಿಯ ಕೂದಲ ಮೇಲೆ ಯಾವಾಗಲೂ ಹತ್ತಿಯ ಧೂಳು ಕೂತಿರುತ್ತಿತ್ತು. ಭಾನುವಾರ ಎಣ್ಣೆ ಹಚ್ಚಿ ನೀರು ಹಾಕಿಕೊಂಡು ಬಂದರೂ ಹುಬ್ಬು ಬೆಳ್ಳಗೇ ಇರುತ್ತಿತ್ತು. ಮಾತಿನ ನಡುವೆ ಕೆಮ್ಮು ಬಂದರೆ ಕೈ ಎತ್ತಿ ನಮ್ಮನ್ನು ನಿಲ್ಲಿಸಿ, ಕೆಮ್ಮಿ ಮುಗಿಸಿ, ಬಿಟ್ಟ ಪದದಿಂದಲೇ ಮಾತು ಮುಂದುವರಿಸುತ್ತಿದ್ದ.

ನಮ್ಮ ಮನೆಗಳು ಒಂದೇ ಸಾಲಿನಲ್ಲಿದ್ದವು. ನಮ್ಮ ಅಜ್ಜಂದಿರ ಕಾಲದವರೆಗೆ ಎರಡೂ ಮನೆಯಲ್ಲಿ ಮಗ್ಗ. ಆಮೇಲೆ ಎಲ್ಲರೂ ಮಿಲ್ಲಿನ ಪಾಲಾದರು. ಚೌಡಣ್ಣನ ಹೆಂಡತಿ ರಂಗಮ್ಮಕ್ಕ ಕೂಡ ನನಗೆ ದೂರದ ಸಂಬಂಧ. ನಾನು ಅದೇ ಮಿಲ್ಲಿನ ಟೈಂ ಆಫೀಸಿನಲ್ಲಿ ಗುಮಾಸ್ತ. ಗುಮಾಸ್ತ ಎಂದರೆ ದೊಡ್ಡದಾಯಿತು. ನಾಲ್ಕು ವರ್ಷದಿಂದ ಟೆಂಪರರಿ. ಮೈಸೂರಿನ ದೊಡ್ಡಮ್ಮನ ಮನೆಯಲ್ಲಿದ್ದು ಓದಿದ್ದರಿಂದ ನನಗೆ ಕನ್ನಡ ಓದಲು ಬರೆಯಲು ಬರುತ್ತಿತ್ತು. ನಮ್ಮ ಬೀದಿಯಲ್ಲಿ ಮಾತಾಡುವವರು ಎಷ್ಟೋ ಜನ, ಓದುವವನು ನಾನೊಬ್ಬನೇ. ಅದೊಂದು ದೊಡ್ಡಸ್ತಿಕೆ ಎಂದು ಆಗ ತಿಳಿದಿದ್ದೆ. ಅದೇ ಮುಂದೆ ನನ್ನ ಕುತ್ತಿಗೆಗೆ ಬಂತು. ಅಲ್ಲ, ಸುಳ್ಳೇಕೆ ಹೇಳಲಿ, ಚೌಡಣ್ಣನ ಕುತ್ತಿಗೆಗೆ ಬಂತು.

ಮಿಲ್ಲಿನ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಶಿಫ್ಟು ಬಿಟ್ಟ ಮೇಲೆ ಕುಸ್ತಿಯ ಚರ್ಚೆ ನಡೆಯುತ್ತಿತ್ತು. ವರ್ಷಕ್ಕೆ ಎರಡು ವಾರ ಇರುವ ಕುಸ್ತಿಗೆ ವರ್ಷವಿಡೀ ಜಗಳ. ಕಂಪೆನಿಯ ಮಾಲೀಕನನ್ನು ಎಲ್ಲರೂ ಮುದಲಾಳಿ ಎನ್ನುತ್ತಿದ್ದರು, ಚಾಂಪಿಯನ್ ರಂಗೂನ್ ರಾಜು. ವರ್ಷವೂ ಅವನೆದುರು ಬೀಳುತ್ತಿದ್ದವನು ಪೋಲೆಂಡ್ ಪೀಟರ್. ಈ ಪೀಟರ್ ಪೋತ್ತನೂರಿನ ರೈಲ್ವೆ ವರ್ಕ್‌ಷಾಪಿನಲ್ಲಿ ಫಿಟ್ಟರ್ ಎಂಬುದು ಕೊಯಮತ್ತೂರಿಗೆಲ್ಲ ಗೊತ್ತಿದ್ದರೂ ಅವನು ಕಣಕ್ಕೆ ಬಂದ ಕೂಡಲೇ "ಪೋಲೆಂಡ್! ಪೋಲೆಂಡ್!" ಎಂದೇ ಕೂಗುತ್ತಿದ್ದರು. ಸ್ಪಿನ್ನಿಂಗಿನ ಪಳನಿಸಾಮಿ ರಾಜುವಿನ ಪಕ್ಷ. ಅವನ ಪ್ರಕಾರ ಎಲ್ಲವೂ ನಿಜ, ರಾಜು ನಿಜವಾಗಿಯೂ ಸೋಲಿಲ್ಲದವನು. ಇನ್ನು ಕೆಲವರು, "ರಾಜು ಮುದಲಾಳಿಯ ಅಳಿಯ, ಅದಕ್ಕೇ ಬೆಲ್ಟು ಅವನ ಸೊಂಟದಲ್ಲಿ, ನಿಜವಾಗಿ ಹಿಡಿದರೆ ಪೀಟರ್ ಅವನನ್ನು ಒಂದೇ ನಿಮಿಷದಲ್ಲಿ ಮಡಚಿ ಇಡುತ್ತಾನೆ," ಎನ್ನುತ್ತಿದ್ದರು. ಪರದೆಯ ಹಿಂದೆ ಯಾರ ಮಾತು ನಡೆಯುತ್ತದೆ, ಯಾರು ಯಾರನ್ನು ತುಳಿದರು ಎಂದು ಅವರು ಆಡಿಕೊಳ್ಳುವುದನ್ನು ಕೇಳಿದರೆ ಮುದಲಾಳಿಯ ಅಡುಗೆಮನೆಯಲ್ಲಿ ಕೂತು ಬಂದವರ ಹಾಗಿರುತ್ತಿತ್ತು.

ಚೌಡಣ್ಣನದು ಮೂರನೆಯ ಪಕ್ಷ. ಆ ಪಕ್ಷದಲ್ಲಿ ಅವನನ್ನು ಬಿಟ್ಟರೆ ನಾನು.

"ಜೆಯಿಸೋಕೆ ಏನು ಬೇಕು? ಕೈ ಎತ್ತಿದ್ರೆ ಮುಗೀತು. ಬೀಳೋದು ಕಷ್ಟ," ಎನ್ನುತ್ತಿದ್ದ. "ಕತ್ತು ಮುರೀದಂಗೆ ಬೀಳಬೇಕು, ಎತ್ತಿದವ್ನ ಮಾನ ಹೋಗದಂಗೆ ಬೀಳಬೇಕು, ನೋಡೋವ್ರಿಗೆ ಉಣ್ಮೆ ಅನ್ನೋ ಹಾಗೆ ಬೀಳಬೇಕು. ಯಾವನು ಗಟ್ಟಿಗನೋ ಅವನ್ನೇ ಬೀಳು ಅಂತಾರೆ. ಮೆತ್ತಗಿರೋವ್ನು ಬಿದ್ರೆ ಸತ್ತೇ ಹೋಗ್ತಾನೆ."

"ಹಂಗಾದ್ರೆ ಎಲ್ಲಾ ಮೋಸಾನಾ ಚೌಡಣ್ಣ?" ಎಂದು ಪಳನಿಸಾಮಿ ತಮಿಳಿನಲ್ಲಿ ರೇಗಿದರೆ ಇವನು ನಗುತ್ತಿರಲಿಲ್ಲ. "ಮೋಸ ಅಂದ್ರೆ ಬೀಳೋವ್ನಿಗೆ ಸೊಲ್ಲದೆ ಬೀಳಿಸೋದು. ಅಲ್ಲಿ ಸೊಲ್ತಾರೆ. ನಂಗೆ ಆ ಕಂಪೆನಿಯಲ್ಲಿ ಹಿಡಿಸೋದು ಅದೊಂದೇ. ಮುದಲಾಳಿ ಎಷ್ಟು ದೊಡ್ಡವನಾದ್ರೂ ಆಗ್ಲಿ, ಸೋಲು ತೋಲ್ವಿ ಯಾರಿಗೋ ಅವನ ಕಿವಿಗೆ ಮೊದ್ಲು ಬೀಳಬೇಕು."

ಈ ಮಾತನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕೆಂದು ಒಂದು ಭಾನುವಾರ ಅವನು ನನ್ನನ್ನು ಕರೆದುಕೊಂಡು ಪೋತ್ತನೂರಿಗೆ ಹೊರಟ. ಎರಡು ಬಸ್ಸು ಬದಲಿಸಿ, ರೈಲ್ವೆ ಲೈನಿನ ಕ್ವಾರ್ಟರ್ಸಿನಲ್ಲಿ ಕೇಳಿಕೊಂಡು ಹೋದರೆ ಪೋಲೆಂಡ್ ಪೀಟರ್ ಲುಂಗಿ ಉಟ್ಟು ಕೋಳಿಗೂಡಿಗೆ ತಂತಿ ಬಿಗಿಯುತ್ತಿದ್ದ. ಡೇರೆಯಲ್ಲಿ ಹಲ್ಲು ಕಡಿಯುತ್ತಿದ್ದ ರಾಕ್ಷಸ ಇವನೇ ಎಂದು ನಂಬುವುದು ಕಷ್ಟವಾಯಿತು. ನಮ್ಮನ್ನು ಕೂರಿಸಿ, ಹೆಂಡತಿಗೆ ಹೇಳಿ ಟೀ ಕೊಡಿಸಿದ. ಚೌಡಣ್ಣ ಬೇರೆ ಏನನ್ನೂ ಕೇಳಲಿಲ್ಲ. "ಯಾವತ್ತಾದರೂ ನಿಮಗೆ ಹೇಳದೆ ಬೀಳಿಸಿದ್ದು ಉಂಟಾ?" ಎಂದು ತಮಿಳಿನಲ್ಲಿ ಕೇಳಿದ.

ಪೀಟರ್ ತಂತಿಯನ್ನು ಗೂಡಿಗೆ ಸಿಕ್ಕಿಸಿದ. ಆಮೇಲೆ ತಲೆ ತಿರುಗಿಸಿ ಎಡಗಿವಿಯನ್ನು ತೋರಿಸಿದ. ಒಂದೇ ಒಂದು ಸಲ, ಈರೋಡಿನ ಕಡೆ ಯಾವುದೋ ಊರಿನಲ್ಲಿ, ಮುದಲಾಳಿಗೆ ಇವನ ಮೇಲೆ ಏನೋ ಸಿಟ್ಟು ಬಂದಿತ್ತಂತೆ. ರೆಫರಿ ಬಗ್ಗಿ ಏನೂ ಹೇಳಲಿಲ್ಲ. ರಾಜು ಎತ್ತಿ ಹಾಕಿದ, ಕತ್ತಿಗೆ ಕೈ ಆಸರೆ ಕೊಡಲಿಲ್ಲ. ಅಂದಿನಿಂದ ಆ ಕಿವಿ ಕೇಳುವುದಿಲ್ಲ. "ಹೇಳಿದ್ದರೆ ನಾನೇ ಚೆನ್ನಾಗಿ ಬಿದ್ದಿರುತ್ತಿದ್ದೆನಲ್ಲ ಸಾರ್," ಎಂದ ಪೀಟರ್. "ಇಪ್ಪತ್ತು ವರ್ಷದಿಂದ ಬೀಳುವುದೇ ನನ್ನ ಕೆಲಸ. ಹೇಳಬೇಕಿತ್ತು." ಆ ರೆಫರಿಯನ್ನು ಕಂಪೆನಿಯ ಮಿಕ್ಕ ಕುಸ್ತಿಯವರೇ ಸೇರಿ ಅದೇ ವಾರ ಊರಿಗೆ ಓಡಿಸಿದರಂತೆ. ಮುದಲಾಳಿಗೂ ಅಡ್ಡ ಬರಲಾಗಲಿಲ್ಲವಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಚೌಡಣ್ಣ ಗೆದ್ದವನ ಹಾಗಿದ್ದ. "ನೋಡ್ದಾ? ಓಡಿಸ್ಬಿಟ್ರು. ಕುಸ್ತಿಯವ್ರೇ ಸೇರ್ಕೊಂಡು ಓಡಿಸ್ಬಿಟ್ರು," ಎಂದು ನಾಲ್ಕು ಸಲ ಹೇಳಿದ. ಕೆಮ್ಮು ಬಂತು, ಕೈ ಎತ್ತಿ ನಿಲ್ಲಿಸಿದ, ಕೆಮ್ಮಿದ, "ಓಡಿಸ್ಬಿಟ್ರು," ಎಂದು ಮತ್ತೆ ಶುರು ಮಾಡಿದ. ನಾನೂ ನಕ್ಕೆ. 

ಮರುವರ್ಷ ಮಿಲ್ಲಿಗೆ ಹೊಸ ಮ್ಯಾನೇಜರು ಬಂದರು. ದಾವಣಗೆರೆಯ ಕಡೆಯವರು, ಅಚ್ಚ ಕನ್ನಡ, ತಮಿಳು ಒಂದು ಪದ ಬಾರದು. ನಮ್ಮ ಕಾರ್ಮಿಕ ಸಂಘದ ಕಾರ್ಯದರ್ಶಿಗೆ ತಮಿಳು ಬಿಟ್ಟರೆ ಬೇರೆ ಬಾರದು; ಇಂಗ್ಲಿಷಿನಲ್ಲಿ ಇಬ್ಬರೂ ಅಷ್ಟಕ್ಕಷ್ಟೆ. ಟೈಂ ಆಫೀಸಿನಲ್ಲಿ ಕನ್ನಡ ಬಲ್ಲ ಹುಡುಗನೊಬ್ಬನಿದ್ದಾನೆ ಎಂದು ತಿಳಿದು ಮ್ಯಾನೇಜರು ನನ್ನನ್ನು ಕರೆಸಿಕೊಂಡರು. ನನ್ನ ಕನ್ನಡ ಕೇಳಿ ಮೊದಲು ನಕ್ಕರು, ಆಮೇಲೆ ಪಕ್ಕದ ಕುರ್ಚಿ ತೋರಿಸಿದರು. ಕುರ್ಚಿ ಸಿಕ್ಕಿದ ಸಂತೋಷಕ್ಕೆ ನಾನು ಬೇರೇನನ್ನೂ ಯೋಚಿಸಲಿಲ್ಲ. ಇಬ್ಬರ ನಡುವೆ ಕೂತು, ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸುವುದು ನನ್ನ ಕೆಲಸವಾಯಿತು.

ಒಂದು ಭಾನುವಾರ ಮಧ್ಯಾಹ್ನ ಮಿಲ್ಲಿನ ಗೆಸ್ಟ್ ಹೌಸಿನಲ್ಲಿ ಮ್ಯಾನೇಜರು, ಕಾರ್ಯದರ್ಶಿ, ನಾನು ಮೂವರೇ ಕೂತೆವು. "ಹಳೇ ಬ್ಲೋರೂಮು ಮುಚ್ಚೋದು ತೀರ್ಮಾನ ಆಗಿದೆ. ಹೊಸ ಮೆಷಿನ್ ಬರ್ತದೆ. ಅಲ್ಲಿನ ಮೂವತ್ತು ಜನ ಬೇಡ. ಇದನ್ನ ಅವರಿಗೆ ಹೇಳಿ," ಎಂದರು ಮ್ಯಾನೇಜರು. ನಾನು ಹೇಳಿದೆ. ಕಾರ್ಯದರ್ಶಿ ಟೀ ಕುಡಿದು ಮುಗಿಸಿ, ಹಾಗಾದರೆ ಮುಷ್ಕರ ಮಾಡದೆ ತನ್ನ ಮುಖ ಉಳಿಯುವುದಿಲ್ಲ ಎಂದ. ಮಾಡಲಿ, ಹತ್ತು ದಿನ ಮಾಡಲಿ, ಆಮೇಲೆ ಬೋನಸ್ಸಿನ ವಿಷಯದಲ್ಲಿ ತಾವು ಬಗ್ಗುವುದಾಗಿ ಮ್ಯಾನೇಜರು ಹೇಳಿದರು. ಕೊನೆಯಲ್ಲಿ ಕಾರ್ಯದರ್ಶಿ ಒಂದು ಷರತ್ತು ಹಾಕಿದ: ಬ್ಲೋರೂಮಿನವರಿಗೆ ಈಗ ತಿಳಿಯಕೂಡದು. ತಿಳಿದರೆ ಅವರು ಬೇರೆ ನಿಂತುಬಿಡುತ್ತಾರೆ, ಗೇಟಿನ ಮುಂದೆ ಮೊದಲ ಸಾಲಿಗೆ ಜನ ಇರುವುದಿಲ್ಲ. ಅದನ್ನೂ ನಾನೇ ಕನ್ನಡಕ್ಕೆ ದಾಟಿಸಿದೆ. ಮ್ಯಾನೇಜರು ತಲೆಯಾಡಿಸಿ, ನನ್ನ ಕಡೆ ತಿರುಗಿ, "ನಿಮ್ಮ ಪರ್ಮನೆಂಟ್ ಆರ್ಡರು ಮೇಜಿನ ಮೇಲಿದೆ. ಈ ಗಲಾಟೆ ಮುಗಿದ ದಿನ ಸಹಿ ಹಾಕ್ತೀನಿ," ಎಂದರು. ಇದೊಂದನ್ನು ದಾಟಿಸುವ ಅಗತ್ಯ ಬೀಳಲಿಲ್ಲ.

ನನಗೆ ಮದುವೆ ನಿಶ್ಚಯವಾಗಿತ್ತು. ಹುಡುಗಿಯ ಮನೆಯವರು ಪರ್ಮನೆಂಟ್ ಆಯಿತೇ ಎಂದು ತಿಂಗಳಿಗೊಮ್ಮೆ ಕೇಳಿ ಕಳಿಸುತ್ತಿದ್ದರು. ಇದನ್ನು ನೆಪ ಎಂದು ಹೇಳುತ್ತಿಲ್ಲ. ಇತ್ತು, ಅದಕ್ಕೆ ಬರೆದೆ.

ಬೋನಸ್ಸಿಗೆಂದು ಮುಷ್ಕರ ಶುರುವಾಯಿತು. ಬ್ಲೋರೂಮಿನವರು ಗೇಟಿನ ಮುಂದೆ ಮೊದಲ ಸಾಲಿನಲ್ಲಿ ಕೂತರು, ಮೊದಲ ಸಾಲಿನ ಮೊದಲನೆಯವನು ಚೌಡಣ್ಣ. ಆರನೆಯ ದಿನ ಕ್ಯಾಂಟೀನಿನ ಹಾಲಿನಲ್ಲಿ ಮಾತುಕತೆಗೆ ಏರ್ಪಾಡಾಯಿತು. ಹಾಲಿಗೆ ರಸ್ತೆಯ ಕಡೆ ದೊಡ್ಡ ಗಾಜಿನ ಕಿಟಕಿಗಳಿದ್ದವು; ಮಾತು ಕೇಳಿಸದಿದ್ದರೂ ಒಳಗೆ ನಡೆಯುವುದನ್ನು ಗೇಟಿನಲ್ಲಿದ್ದ ಜನವೆಲ್ಲ ಕಾಣಬಹುದಿತ್ತು. ಕಾಣಲಿ ಎಂದೇ ಅಲ್ಲಿ ಇಟ್ಟಿದ್ದರು. ಕಾರ್ಯದರ್ಶಿ ಅರ್ಧ ಗಂಟೆ ಕೈ ಬೀಸಿ ಮಾತಾಡಿದ. ಕೊನೆಗೆ ಎದ್ದು ನಿಂತು, ಮುಂದಿದ್ದ ಕಾಫಿಯ ಲೋಟವನ್ನು ಎರಡು ಬೆರಳಿನಲ್ಲಿ ಆಚೆ ಸರಿಸಿ, ಮೇಜಿನ ಮೇಲೆ ಮುಷ್ಟಿಯಿಂದ ಗುದ್ದಿದ. ಹೊರಗೆ ಜಯಕಾರ ಎದ್ದಿತು. ಮ್ಯಾನೇಜರು ನನ್ನ ಕಡೆ ಬಾಗಿ, "ಇವತ್ತಿಗೆ ಸಾಕು," ಎಂದರು. ನಾನು ಕಾರ್ಯದರ್ಶಿಯ ಕಡೆ ಬಾಗಿದೆ. ಈಗ ಸಿಟ್ಟಿನಲ್ಲಿ ಎದ್ದು ಹೋಗಿ, ಶುಕ್ರವಾರ ಮತ್ತೆ ಸೇರೋಣ, ಅವತ್ತು ಬೋನಸ್ಸು ಬಿಡುತ್ತಾರೆ, ಬ್ಲೋರೂಮಿನ ಮಾತು ಮಾತ್ರ ಎತ್ತಬೇಡಿ ಎಂದು ಹೇಳಿದೆ. ಮುಂಚೆಯೇ ನನಗೆ ಹೇಳಿಕೊಟ್ಟಿದ್ದ ಪಾಠ ಅದು. ಅವನು ಕುರ್ಚಿ ಒದ್ದು ಹೊರಟ.

ಅಂದು ಸಂಜೆ ಟೀ ಅಂಗಡಿಯಲ್ಲಿ ಪಳನಿಸಾಮಿ ಮುಷ್ಟಿಯನ್ನು ತನ್ನ ಅಂಗೈಗೆ ಗುದ್ದಿಕೊಂಡು ತೋರಿಸುತ್ತಿದ್ದ. "ಹೆಂಗೆ ಗುದ್ದಿದ ನೋಡ್ದಾ? ಗಂಡು ಅಂದ್ರೆ ಅವನು!"

ಚೌಡಣ್ಣ ಬೆಂಚಿನ ತುದಿಯಲ್ಲಿ ಕೂತಿದ್ದ. "ಲೋಟ ಸರಿಸಿದ," ಎಂದ.

"ಏನು?"

"ಗುದ್ದೋಕೆ ಮುಂಚೆ ಲೋಟ ಸರಿಸಿದ. ಉಣ್ಮೆ ಕೋಪಕ್ಕೆ ಲೋಟ ಕಾಣ್ತದಾ? ಇದು ಸೊಲ್ಲಿ ಇಟ್ಟ ಸಂಡೆ."

ಬೆಂಚಿನ ಮೇಲಿದ್ದವರು ಅವನನ್ನು ಹಿಡಿದು ಹರಿದುಹಾಕುವುದೊಂದು ಬಾಕಿ. ಎಲ್ಲದರಲ್ಲೂ ಕುಸ್ತಿ ಕಾಣುತ್ತದೆ ಮುದುಕನಿಗೆ ಎಂದರು. ನಾನು ಅರ್ಧ ಕುಡಿದ ಗ್ಲಾಸನ್ನು ಕೆಳಗಿಟ್ಟೆ.

ಮನೆಗೆ ನಡೆಯುವಾಗ ಚೌಡಣ್ಣ ನನ್ನ ಜೊತೆ ಬಂದ. ಅವನಿಗೆ ಹೆದರಿಕೆಯೇನೂ ಇದ್ದಂತೆ ಕಾಣಲಿಲ್ಲ. ಲೆಕ್ಕ ಬಿಡಿಸಿದವನ ಹಾಗೆ ಸಮಾಧಾನವಾಗಿದ್ದ. "ಸಂಡೆ ಪೊಯ್ಯಿ, ಸುಳ್ಳು ಅಂತ ಗೊತ್ತಾತು. ಪೊಯ್ಯಿ ಆದ್ರೆ ಯಾರೋ ಒಬ್ರು ಬೀಳಲೇಬೇಕು. ಬೀಳೋವ್ರಿಗೆ ಸೊಲ್ಲಿರ್ತಾರೆ. ನಮ್ಗೆ ಯಾರೂ ಏನೂ ಸೊಲ್ಲಿಲ್ಲ. ಅಂದ್ರೆ ಬೀಳೋದು ನಾವಲ್ಲ," ಎಂದ. ಗೇಟಿನ ಮೊದಲ ಸಾಲಿನಲ್ಲಿ ಕೂತಿದ್ದ ಮೂವತ್ತು ಜನರಿಗೂ ಅವನು ಇದನ್ನೇ ಹೇಳಿ ಧೈರ್ಯ ತುಂಬಿದ್ದಾನೆಂದು ಆಮೇಲೆ ತಿಳಿಯಿತು. ಇಡೀ ಕೊಯಮತ್ತೂರಿನಲ್ಲಿ ಹೀಗೆ ತರ್ಕ ಮಾಡುವವನು ಅವನೊಬ್ಬನೇ ಇದ್ದ. ಮೋಸವನ್ನು ಅಷ್ಟು ದೂರದಿಂದ ಕಂಡುಹಿಡಿದವನು, ಮೋಸ ಮಾಡುವವರಿಗೂ ಒಂದು ನೇಮವಿರುತ್ತದೆಂದು ನಂಬಿದ್ದ.

ಅವರ ಮನೆಯ ಜಗಲಿಯಲ್ಲಿ ರಂಗಮ್ಮಕ್ಕ ಕಾಯುತ್ತಿದ್ದಳು. ಅಂದು ಬೆಳಿಗ್ಗೆ ಅವಳ ತಮ್ಮ ಕಾಂಗೇಯಂನಿಂದ ಬಂದು ಹೋಗಿದ್ದನಂತೆ. ಅವನು ಅಲ್ಲಿನ ತೆಂಗಿನೆಣ್ಣೆ ಮಿಲ್ಲೊಂದರಲ್ಲಿ ಮೇಸ್ತ್ರಿ. ಕೊಬ್ಬರಿ ಒಣಗಿಸುವ ಕಣಕ್ಕೆ ನಂಬಿಕೆಯ ಆಳು ಬೇಕಾಗಿದೆ, ಭಾವ ಬರುವುದಾದರೆ ಶುಕ್ರವಾರದೊಳಗೆ ಬರಬೇಕು, ಇಲ್ಲವಾದರೆ ಬೇರೆಯವರನ್ನು ಹಾಕುತ್ತಾರೆ ಎಂದಿದ್ದ.

"ಬಯಲಾಗೆ ಮಾಡೋ ವೇಲೆ, ಹತ್ತಿ ಪಂಜಿನ ಧೂಳಿಲ್ಲ," ಎಂದಳು ರಂಗಮ್ಮಕ್ಕ ನನಗೆ. "ಡಾಕ್ಟರು ಸೊಲ್ಲಿ ಒಂದು ವರುಷ ಆತು, ಇನ್ನು ಪಂಜು ಹತ್ರ ನಿಲ್ಲಬ್ಯಾಡ, ಕೆಮ್ಮೋ ನೆಂಜು ತಾಳಲ್ಲ ಅಂತ. ಇವ್ರು ಕೇಳಲ್ಲ. ನೀನಾದ್ರೂ ಸೊಲ್ಲು. ನೀ ಒಳಗೆ ಕೂರೋನು."

ಚೌಡಣ್ಣ ಜಗಲಿಯ ಮೇಲೆ ಕೂತು ನನ್ನನ್ನು ನೋಡಿದ. "ಆಮಾ, ಹೌದು, ನೀ ಸೊಲ್ಲು ತಂಬಿ. ಇಪ್ಪತ್ತೆರಡು ವರುಷ ಬಿಟ್ಟು ನಡೂ ಮುಷ್ಕರದಾಗೆ ಎದ್ದೋದ್ರೆ ಆ ಮೂವತ್ತು ಜನ ಏನಂತಾರೆ? ಆದ್ರೂ ನೀ ಹೋಗು ಅಂದ್ರೆ ಹೋಗ್ತೀನಿ. ಇರು ಅಂದ್ರೆ ಇರ್ತೀನಿ."

ನನ್ನ ಬಾಯಲ್ಲಿ ಮಾತು ಇತ್ತು. ಹೋಗು ಎಂಬ ಎರಡಕ್ಷರ. ಕಾರಣವನ್ನೂ ಹೇಳಬೇಕಿರಲಿಲ್ಲ. ಅವನು ಹೋದರೆ ಚೌಡಣ್ಣನೇ ಹೋದನಂತೆ ಎಂದು ಮೂವತ್ತು ಜನಕ್ಕೂ ಅನುಮಾನ ಬರುತ್ತದೆ, ಯಾರು ಹೇಳಿದರು ಎಂದು ಕಾರ್ಯದರ್ಶಿ ಹುಡುಕುತ್ತಾನೆ, ಮೇಜಿನ ಮೇಲಿನ ಆರ್ಡರು ಮೇಜಿನ ಮೇಲೇ ಉಳಿಯುತ್ತದೆ. ಇಷ್ಟೆಲ್ಲ ಒಂದು ಉಸಿರಿನಲ್ಲಿ ನನ್ನ ತಲೆಯಲ್ಲಿ ಓಡಿತು. "ಇರಿ ಚೌಡಣ್ಣ. ಒಳ್ಳೇದೇ ಆಗ್ತದೆ," ಎಂದೆ.

ಅವನು ರಂಗಮ್ಮಕ್ಕನ ಕಡೆ ತಿರುಗಿ, "ಕೇಳ್ಸಿತಾ?" ಎಂದು ನಕ್ಕ. ಅವಳು ಸೆರಗು ಕೊಡವಿಕೊಂಡು ಒಳಗೆ ಹೋದಳು.

ಶುಕ್ರವಾರ ಬೋನಸ್ಸು ಸಿಕ್ಕಿತು. ಸೋಮವಾರ ಕೆಲಸ ಶುರು ಎಂದು ಗೇಟಿನ ಮುಂದೆ ಪಟಾಕಿ ಹೊಡೆದರು. ಪಟಾಕಿಯ ಹೊಗೆ ಇನ್ನೂ ಹೋಗಿರಲಿಲ್ಲ, ಒಪ್ಪಂದದ ಕೊನೆಯ ಪುಟವನ್ನು ಓದಬೇಕೆಂದು ಕಾರ್ಯದರ್ಶಿ ಕಾಗದವನ್ನು ನನ್ನ ಕೈಗೆ ಕೊಟ್ಟ. ತನ್ನ ಗಂಟಲು ಕಟ್ಟಿದೆ ಎಂದ. ಸ್ಟೂಲಿನ ಮೇಲೆ ಹತ್ತಿ ನಾನೇ ಓದಿದೆ. ಹಳೆಯ ಬ್ಲೋರೂಮು ಇನ್ನಿಲ್ಲ, ಕೆಳಗಿನ ಹೆಸರಿನವರು ಸೋಮವಾರದಿಂದ ಬರಬೇಕಾಗಿಲ್ಲ. ಮೂವತ್ತು ಹೆಸರು. ನಾನು ಹುಟ್ಟಿದಾಗಿನಿಂದ ಕರೆದ ಹೆಸರುಗಳನ್ನು ಅಪ್ಪಂದಿರ ಇನಿಷಿಯಲ್ ಸಮೇತ ಓದಿದೆ. ಚೌಡಣ್ಣನ ಹೆಸರು ಒಂಬತ್ತನೆಯದು. ಅಲ್ಲಿಗೆ ಬಂದಾಗ ತಲೆ ಎತ್ತಬಾರದು ಎಂದುಕೊಂಡಿದ್ದೆ, ಎತ್ತಿದೆ. ಅವನು ಮೊದಲ ಸಾಲಿನಲ್ಲಿ, ಹಣೆಗೆ ಕೈ ಅಡ್ಡ ಹಿಡಿದು, ಕತ್ತು ಮುಂದೆ ಚಾಚಿ, ನನ್ನ ಬಾಯಿ ನೋಡುತ್ತಿದ್ದ.

ಯಾರೂ ಕೂಗಾಡಲಿಲ್ಲ ಎಂಬುದು ನನಗೆ ಇವತ್ತಿಗೂ ಸೋಜಿಗ. ಬೋನಸ್ಸು ಸಿಕ್ಕಿದವರು ಮೆಲ್ಲಗೆ ಚದುರಿದರು. ಪೀಟರನ ಕಿವಿ ಕೆಡಿಸಿದ ರೆಫರಿಯನ್ನು ಕುಸ್ತಿಯವರು ಸೇರಿ ಓಡಿಸಿದ್ದರು; ನನ್ನನ್ನು ಯಾರೂ ಓಡಿಸಲಿಲ್ಲ. ಸೋಮವಾರ ನನ್ನ ಆರ್ಡರಿಗೆ ಸಹಿ ಬಿತ್ತು. ಕಾಂಗೇಯಂನ ಕಣಕ್ಕೆ ಬೇರೆ ಆಳು ಬಂದಾಗಿತ್ತು.

ಆಮೇಲೆ ಚೌಡಣ್ಣ ಮೇಟ್ಟುಪಾಳ್ಯಂ ರಸ್ತೆಯ ಮಿಲ್ಲುಗಳ ಗೇಟು ಗೇಟಿಗೆ ಹೋಗಿ ನಿಂತ. ಎದೆಯ ಕೆಮ್ಮು ಕೇಳಿದರೆ ವಾಚ್‌ಮನ್ನೇ ಕೈ ಬೀಸಿ ಕಳಿಸುತ್ತಿದ್ದನಂತೆ. ಇದೆಲ್ಲ ನನಗೆ ತಿಳಿದದ್ದು ಬೇರೆಯವರಿಂದ. ನಾನು ಆ ಸಾಲಿನ ಆ ತುದಿಗೆ ಹೋಗುವುದನ್ನೇ ಬಿಟ್ಟಿದ್ದೆ. ಹಿತ್ತಿಲ ದಾರಿಯಿಂದ ರಸ್ತೆಗೆ ಬರುತ್ತಿದ್ದೆ. ನನ್ನ ಮದುವೆಗೆ ಅವರಿಬ್ಬರೂ ಬಂದು ಊಟ ಮಾಡಿ ಹೋದರೆಂದು ಅಮ್ಮ ಹೇಳಿದಳು. ಛತ್ರದಲ್ಲಿ ಅವರನ್ನು ನಾನು ನೋಡಲಿಲ್ಲ, ಅಥವಾ ನೋಡದೆ ಇರಲು ಬೇಕಾದದ್ದೆಲ್ಲ ಮಾಡಿದೆ. ಅದಾದ ಮೂರು ತಿಂಗಳಿಗೆ ಮನೆ ಖಾಲಿ ಮಾಡಿಕೊಂಡು ತಿರುಪ್ಪೂರಿಗೆ ಹೋದರು. ಟೀ ಅಂಗಡಿಯಲ್ಲಿ ಕುಸ್ತಿಯ ಚರ್ಚೆ ನಿಲ್ಲಲಿಲ್ಲ. ಪಳನಿಸಾಮಿಗೆ ಎದುರು ಮಾತಾಡುವವರಿರಲಿಲ್ಲ, ರಂಗೂನ್ ರಾಜು ನಿಜವಾಗಿಯೂ ಸೋಲಿಲ್ಲದವನಾದ.

ಎರಡು ವರ್ಷದ ಮೇಲೆ ಚೌಡಣ್ಣ ತೀರಿಕೊಂಡ. ನನಗೆ ಹೇಳಿ ಕಳಿಸಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅದಕ್ಕೆ ಮುಂಚೆ ಒಂದು ಸಲ ಅವನನ್ನು ಕಂಡೆ. ಅಷ್ಟನ್ನು ಬರೆದು ಮುಗಿಸುತ್ತೇನೆ.

ನೂಲಿನ ಲೋಡೊಂದರ ಕಾಗದ ಹಿಡಿದು ತಿರುಪ್ಪೂರಿಗೆ ಹೋಗಿದ್ದೆ. ಬನಿಯನ್ ಕಂಪೆನಿಗಳ ಕತ್ತರಿಸಿದ ಬಟ್ಟೆಯ ಚೂರುಗಳನ್ನು ಗುಡ್ಡೆ ಹಾಕುವ ಗೋಡೌನಿನ ಮುಂದೆ ಹಾದುಹೋಗುವಾಗ ಒಳಗಿನಿಂದ ಕೆಮ್ಮು ಕೇಳಿತು. ಕೆಮ್ಮು ನಿಂತು, ಬಿಟ್ಟ ಪದದಿಂದಲೇ ಮಾತು ಮುಂದುವರಿಯಿತು. ಒಳಗೆ ಇಣುಕಿದೆ. ಚೂರುಗಳ ಗುಡ್ಡೆಯ ನಡುವೆ ಚೌಡಣ್ಣ ಕೂತು ಬಿಳಿಯದನ್ನು ಬಿಳಿಯದಕ್ಕೆ, ಬಣ್ಣದ್ದನ್ನು ಬಣ್ಣದ್ದಕ್ಕೆ ಬೇರೆ ಮಾಡುತ್ತಿದ್ದ. ಹುಬ್ಬು ಹಾಗೇ ಬೆಳ್ಳಗಿತ್ತು. ಹತ್ತಿಯಿಂದ ದೂರ ಇರು ಎಂದ ಡಾಕ್ಟರ ಮಾತಿಗೆ ಸಿಕ್ಕಿದ ಬೆಲೆ ಇದು.

"ಯಾರು, ತಂಬಿಯಾ?" ಎಂದು ಪಕ್ಕದ ಮೂಟೆಯ ಮೇಲೆ ಕೈ ತಟ್ಟಿದ. ಕೂತೆ. ಹೆಂಡತಿ ಹೇಗಿದ್ದಾಳೆ, ಅಮ್ಮನ ಮಂಡಿನೋವು ಹೇಗಿದೆ ಎಂದು ಕೇಳಿದ. ಆಮೇಲೆ, "ಈ ವರುಷ ಸಂಡೆ ನೋಡೋಕೆ ಹೋದ್ಯಾ?" ಎಂದ.

"ಇಲ್ಲ."

"ಅಯ್ಯೋ. ಪೀಟರ್‌ಗೆ ವಯಸ್ಸಾತು. ಇನ್ನು ಎಷ್ಟು ವರುಷ ಬೀಳ್ತಾನೋ." ಕೈ ಎತ್ತಿ ನನ್ನನ್ನು ನಿಲ್ಲಿಸಿದ, ನಾನು ಏನೂ ಹೇಳುತ್ತಿರಲಿಲ್ಲವಾದರೂ. ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ. ಬಾಯಿ ಒರೆಸಿಕೊಂಡು ಮತ್ತೆ ಚೂರು ಆರಿಸತೊಡಗಿದ. ಹಾಗೇ ಆರಿಸುತ್ತ ಹೇಳಿದ: "ಆವತ್ತು ಕ್ಯಾಂಟೀನಾಗೆ ನಾನು ಲೋಟ ಒಂದೇ ನೋಡ್ಲಿಲ್ಲ ತಂಬಿ. ಮ್ಯಾನೇಜರು ಬಗ್ಗಿ ಎರಡು ಮಾತು ಸೊಲ್ಲಿದ್ರು. ನೀ ಅವ್ನ ಕಡೆ ಬಗ್ಗಿ ಇಷ್ಟುದ್ದ ಸೊಲ್ಲಿದೆ. ಓಹೋ, ನಮ್ ತಂಬಿನೇ ನಡುವರ್, ಅಂದ್ಕೊಂಡೆ. ಸಂತೋಷವೇ ಆತು. ನಮ್ಮನೆ ಹುಡುಗ ನಡುವರ್ ಆದ್ರೆ ಕವಲೆ ಚಿಂತೆ ಏನಿದೆ. ಬೀಳೋದು ನಾನಾದ್ರೆ ಬಂದು ಸೊಲ್ತಾನೆ ಅಂತ ಜಗಲೀಲಿ ಕೂತ್ಕೊಂಡೇ ಕೇಳ್ದೆ."

 ಎದ್ದು ಓಡಿಹೋಗಬೇಕು ಎನ್ನಿಸಿತು. ಅವನ ಕಾಲು ಹಿಡಿದುಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಅವನು ಕೈಯಲ್ಲಿದ್ದ ಚೂರನ್ನು ಮಡಚಿ ತೊಡೆಯ ಮೇಲಿಟ್ಟು, ಮೊದಲ ಸಲ ನೇರವಾಗಿ ನನ್ನ ಕಡೆ ತಿರುಗಿದ.

"ಆಮೇಲೆ ಯೋಚನೆ ಮಾಡ್ದೆ. ನಿಂಗೂ ಅವ್ರು ಉಣ್ಮೆ ಸೊಲ್ಲಿರಲ್ಲ. ನಿಂಗೇ ಗೊತ್ತಿಲ್ದೆ ನೀ ಏನು ಸೊಲ್ತೀಯ ಪಾಪ. ಹಂಗೇ ತಾನೆ ತಂಬಿ?"

ಅವನು ಬಾಗಿಲು ತೆರೆದು ಇಟ್ಟಿದ್ದ. ಆ ಬಾಗಿಲಿನಿಂದ ನಾನು ಒಳಗೂ ಬರಬಹುದಿತ್ತು, ಹೊರಗೂ ಹೋಗಬಹುದಿತ್ತು. ನಿಜ ಹೇಳಿದ್ದರೆ ಅವನು ನನ್ನನ್ನು ಬೈಯುತ್ತಿದ್ದನೋ, ಅಳುತ್ತಿದ್ದನೋ ತಿಳಿಯದು. ಆದರೆ ಅವನಿಗೆ ಹೇಳಬೇಕಾದದ್ದು ಒಂದಾದರೂ ಅವನ ಕಿವಿಗೆ ಬಿದ್ದಿರುತ್ತಿತ್ತು.

"ಆಮಾ ಚೌಡಣ್ಣ," ಎಂದೆ. "ನಂಗೂ ಯಾರೂ ಸೊಲ್ಲಲಿಲ್ಲ."

ಡೇರೆಯ ಗ್ಯಾಲರಿಯ ಮೇಲಿನ ಹಲಗೆಯಿಂದ ಅಷ್ಟು ಜನರ ತಲೆಯ ಮೇಲೆ ರೆಫರಿಯ ತುಟಿ ಓದುತ್ತಿದ್ದವನು ಈಗ ನನ್ನಿಂದ ಒಂದು ಮೊಳ ದೂರದಲ್ಲಿ ಕೂತಿದ್ದ. ನಾನು ಮಾತು ಮುಗಿಸಿದ ಮೇಲೂ ಅವನ ಕಣ್ಣು ನನ್ನ ಬಾಯಿಯ ಮೇಲೇ ಇತ್ತು.

"ಸರಿ ತಂಬಿ," ಎಂದ. ತೊಡೆಯ ಮೇಲಿನ ಚೂರನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ಬಿಳಿಯದರ ಗುಡ್ಡೆಗೆ ಹಾಕಿದ.